ಹೇಳಿದ್ದು ಒಂದು, ಕೇಳಿಸಿದ್ದು ಇನ್ನೊಂದು: ಅಮೆರಿಕದ ರಿಪಬ್ಲಿಕನ್ ಪಕ್ಷ ಮತ್ತು ಕಪ್ಪು ಮತದಾರರು

ಅಮೆರಿಕದ ಚುನಾವಣಾ ಸುದ್ದಿಗಳನ್ನು ಗಮನಿಸುವವರಿಗೆ ‘ಡಾಗ್ ವಿಸಲ್’ ಎಂಬ ಪದ ಆಗಾಗ ಎದುರಾಗುತ್ತದೆ. ನಾಯಿಗಳನ್ನು ಪಳಗಿಸುವವರು ಬಳಸುವ ಒಂದು ಬಗೆಯ ಸೀಟಿ ಇದೆ. ಅದರ ಸ್ವರ ಎಷ್ಟು ಏರಿನದ್ದೆಂದರೆ ನಮ್ಮ ಕಿವಿಗೆ ಅದು ಕೇಳಿಸುವುದೇ ಇಲ್ಲ, ನಾಯಿಗೆ ಮಾತ್ರ ಕೇಳಿಸುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1876ರಲ್ಲಿ ಇದನ್ನು ರೂಪಿಸಿದರು. ರಾಜಕಾರಣದಲ್ಲಿ ಈ ಪದಕ್ಕೆ ಬೇರೆ ಅರ್ಥ ಬಂದಿದೆ. ಎಲ್ಲರಿಗೂ ಸಭ್ಯವಾಗಿ ಕೇಳಿಸುವ, ಆದರೆ ಒಂದು ವರ್ಗದ ಜನರಿಗೆ ಮಾತ್ರ ಒಳಗಿನ ಸಂದೇಶವನ್ನು ತಲುಪಿಸುವ ಮಾತಿಗೆ ಹೀಗೆನ್ನುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮಾತು ಇದು.

ಉಪಮೆ ಮಾತ್ರ ಅಷ್ಟೇನೂ ಸರಿ ಹೊಂದುವುದಿಲ್ಲ. ಏಕೆಂದರೆ ಈ ಸೀಟಿ ಯಾರನ್ನು ಕರೆಯಲು ಊದಿದ್ದೋ ಅವರಿಗಿಂತ ಯಾರ ವಿರುದ್ಧ ಊದಿದ್ದೋ ಅವರಿಗೇ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ. ಅಮೆರಿಕದ ಸಂಪ್ರದಾಯವಾದಿ ಪಕ್ಷವಾದ ರಿಪಬ್ಲಿಕನ್ ಪಕ್ಷ ಮತ್ತು ಅಲ್ಲಿನ ಕಪ್ಪುವರ್ಣೀಯ ಮತದಾರರ ನಡುವಿನ ಅರುವತ್ತು ವರ್ಷಗಳ ಅಪನಂಬಿಕೆಗೆ ಇದು ಒಂದು ದೊಡ್ಡ ಕಾರಣ. ಒಂದು ಕಡೆಯವರು ‘ನಾವು ತೆರಿಗೆಯ ಬಗ್ಗೆ ಮಾತನಾಡಿದೆವು’ ಎನ್ನುತ್ತಾರೆ. ಇನ್ನೊಂದು ಕಡೆಯವರು ‘ನೀವು ನಮ್ಮ ಬಗ್ಗೆ ಮಾತನಾಡಿದಿರಿ’ ಎನ್ನುತ್ತಾರೆ. ಈ ಜಗಳದ ಮೂಲ ಎಲ್ಲಿದೆ ಎಂಬುದನ್ನು ಇಲ್ಲಿ ನೋಡೋಣ.

ಲಿಂಕನ್ ಅವರ ಪಕ್ಷ

ಇಂದಿನ ಓದುಗರಿಗೆ ಆಶ್ಚರ್ಯವಾಗಬಹುದು, ಆದರೆ ಗುಲಾಮಗಿರಿಯನ್ನು ಕೊನೆಗಾಣಿಸಿದ ಅಬ್ರಹಾಂ ಲಿಂಕನ್ ರಿಪಬ್ಲಿಕನ್ ಪಕ್ಷದವರು. ಜನಾಂಗದ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸುವಂತಿಲ್ಲ ಎಂದ 1870ರ ಹದಿನೈದನೇ ತಿದ್ದುಪಡಿಯೂ ಆ ಪಕ್ಷದ್ದೇ ಕೊಡುಗೆ. ಹಾಗಾಗಿ ಸುಮಾರು ಎರಡು ತಲೆಮಾರುಗಳ ಕಾಲ ಮತ ಹಾಕಲು ಅವಕಾಶವಿದ್ದ ಕಪ್ಪು ಜನರು ರಿಪಬ್ಲಿಕನ್ನರಿಗೇ ಮತ ಹಾಕುತ್ತಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಅವರನ್ನು ತುಳಿದವರು ಡೆಮಾಕ್ರಾಟರು. 1930ರ ದಶಕದ ಆರ್ಥಿಕ ಕುಸಿತದ ನಂತರ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾಲದಲ್ಲಿ ಗಾಳಿ ಬದಲಾಯಿತು. 1936ರಲ್ಲಿ ಕಪ್ಪು ಮತದಾರರ ಬಹುಪಾಲು ಡೆಮಾಕ್ರಾಟ್ ಪಕ್ಷದ ಕಡೆ ವಾಲಿತು. ಆದರೂ ನಂಟು ಪೂರ್ತಿ ಕಡಿದಿರಲಿಲ್ಲ. 1956ರಲ್ಲಿ ಐಸೆನ್‌ಹೋವರ್ ಅವರಿಗೆ ಕಪ್ಪು ಮತಗಳಲ್ಲಿ ಸುಮಾರು ಶೇ. 39ರಷ್ಟು ದೊರೆತಿತ್ತು. 1960ರಲ್ಲಿ ರಿಚರ್ಡ್ ನಿಕ್ಸನ್ ಅವರಿಗೆ ಸುಮಾರು ಶೇ. 32.

ಆ 1960ರ ಚುನಾವಣೆಯ ಒಂದು ಘಟನೆ ಕಥೊಲಿಕ್ ಓದುಗರಿಗೆ ವಿಶೇಷ ಆಸಕ್ತಿಯದ್ದು. ಅಟ್ಲಾಂಟಾದಲ್ಲಿ ಧರಣಿ ನಡೆಸಿದ್ದಕ್ಕಾಗಿ ಮಾರ್ಟಿನ್ ಲೂಥರ್ ಕಿಂಗ್ ಅಕ್ಟೋಬರ್ ತಿಂಗಳಲ್ಲಿ ಬಂಧಿತರಾದರು. ಹಳೆಯ ಒಂದು ಸಂಚಾರ ನಿಯಮದ ಪ್ರಕರಣವನ್ನು ಕೆದಕಿ ಅವರಿಗೆ ನಾಲ್ಕು ತಿಂಗಳ ಕಠಿಣ ಶಿಕ್ಷೆ ವಿಧಿಸಲಾಯಿತು. ಆಗ ಡೆಮಾಕ್ರಾಟ್ ಅಭ್ಯರ್ಥಿ ಜಾನ್ ಕೆನಡಿ ಕಿಂಗ್ ಅವರ ಪತ್ನಿ ಕೊರೆಟ್ಟಾ ಅವರಿಗೆ ಫೋನ್ ಮಾಡಿ ಸಾಂತ್ವನ ಹೇಳಿದರು. ನಿಕ್ಸನ್ ಏನೂ ಹೇಳಲಿಲ್ಲ. ಕಿಂಗ್ ಅವರ ತಂದೆ ಬ್ಯಾಪ್ಟಿಸ್ಟ್ ಪಾಸ್ಟರ್. ಕೆನಡಿ ಕಥೊಲಿಕ್ ಎಂಬ ಕಾರಣಕ್ಕೆ ಅವರಿಗೆ ಮತ ಹಾಕಲು ಹಿಂಜರಿದಿದ್ದ ಅವರು ಫೋನ್ ಕರೆಯ ನಂತರ ಬಹಿರಂಗವಾಗಿ ಮನಸ್ಸು ಬದಲಾಯಿಸಿದರು. ಈ ಸುದ್ದಿಯನ್ನು ನೀಲಿ ಕಾಗದದ ಕರಪತ್ರದಲ್ಲಿ ಅಚ್ಚು ಹಾಕಿಸಿ ಕಪ್ಪು ಜನರ ಚರ್ಚ್‌ಗಳ ಬಾಗಿಲಲ್ಲಿ ಲಕ್ಷಗಟ್ಟಲೆ ಹಂಚಲಾಯಿತು. ಕೆನಡಿ ಗೆದ್ದದ್ದು ದೇಶದಾದ್ಯಂತ 1.2 ಲಕ್ಷಕ್ಕಿಂತಲೂ ಕಡಿಮೆ ಮತಗಳ ಅಂತರದಲ್ಲಿ. ಇಬ್ಬರು ಅಲ್ಪಸಂಖ್ಯಾತರ ನಡುವೆಯೂ ಪೂರ್ವಾಗ್ರಹ ಇರಬಹುದು, ಒಂದು ಫೋನ್ ಕರೆಯಿಂದ ಅದು ಕರಗಲೂಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಜನಾಂಗದ ಹೆಸರೇ ಇಲ್ಲದ ಕಾನೂನು

ಕಪ್ಪು ಮತದಾರರು ಸಾಧಾರಣ ಮಾತಿನಲ್ಲೂ ಒಳಾರ್ಥ ಹುಡುಕುತ್ತಾರೆ ಎಂಬುದು ಅವರ ಮೇಲಿನ ದೂರು. ಈ ಅಭ್ಯಾಸ ಅವರಿಗೆ ಎಲ್ಲಿಂದ ಬಂತು ಎಂದು ಕೇಳಿದರೆ 1890ರ ಮಿಸ್ಸಿಸ್ಸಿಪ್ಪಿ ರಾಜ್ಯಕ್ಕೆ ಹೋಗಬೇಕು.

ಆ ರಾಜ್ಯದಲ್ಲಿ ಆಗ ಕಪ್ಪುವರ್ಣೀಯರೇ ಬಹುಸಂಖ್ಯಾತರು. ಹದಿನೈದನೇ ತಿದ್ದುಪಡಿ ಇದ್ದುದರಿಂದ ‘ಕಪ್ಪು ಜನರು ಮತ ಹಾಕಬಾರದು’ ಎಂದು ನೇರವಾಗಿ ಬರೆಯುವಂತಿರಲಿಲ್ಲ. ಆದ್ದರಿಂದ ಹೊಸ ರಾಜ್ಯ ಸಂವಿಧಾನದಲ್ಲಿ ಮತದಾರನು ಎರಡು ಡಾಲರ್ ಮತ ತೆರಿಗೆ ಕಟ್ಟಿರಬೇಕು, ಸಂವಿಧಾನದ ಯಾವುದೇ ವಿಧಿಯನ್ನು ಓದಬಲ್ಲವನಾಗಿರಬೇಕು ಅಥವಾ ಓದಿ ಹೇಳಿದಾಗ ಅದರ ಅರ್ಥ ವಿವರಿಸಬಲ್ಲವನಾಗಿರಬೇಕು ಎಂದು ಬರೆದರು. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ನೋಂದಣಿ ಅಧಿಕಾರಿ. ಅಕ್ಷರ ಬಾರದ ಬಿಳಿಯ ರೈತನ ಉತ್ತರ ಸರಿಯಾಗುತ್ತಿತ್ತು. ಕಪ್ಪು ಶಾಲಾ ಮಾಸ್ತರನ ಉತ್ತರ ತಪ್ಪಾಗುತ್ತಿತ್ತು. ಇಡೀ ನಿಯಮದಲ್ಲಿ ಬಣ್ಣದ ಪ್ರಸ್ತಾಪವೇ ಇರಲಿಲ್ಲ. 1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ನಿಯಮದ ಅಕ್ಷರಗಳಲ್ಲಿ ತಾರತಮ್ಯ ಕಾಣಿಸುವುದಿಲ್ಲವೆಂದು ಅದನ್ನು ಎತ್ತಿಹಿಡಿಯಿತು. ಬೇರೆ ಕೆಲವು ರಾಜ್ಯಗಳಲ್ಲಿ ‘ಅಜ್ಜನ ಷರತ್ತು’ ಬಂತು. ಗುಲಾಮಗಿರಿಯ ಕಾಲದಲ್ಲಿ ಯಾರ ಅಜ್ಜನಿಗೆ ಮತದಾನದ ಹಕ್ಕಿತ್ತೋ ಅವನಿಗೆ ಪರೀಕ್ಷೆಯಿಂದ ವಿನಾಯಿತಿ! ಇದನ್ನು 1915ರಲ್ಲಿ ಕೋರ್ಟ್ ರದ್ದು ಮಾಡಿತು.

ಫಲಿತಾಂಶವನ್ನು ಅಂಕಿಗಳೇ ಹೇಳುತ್ತವೆ. 1964ರಲ್ಲಿ ಮಿಸ್ಸಿಸ್ಸಿಪ್ಪಿಯ ಅರ್ಹ ಕಪ್ಪು ವಯಸ್ಕರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ಶೇ. 6.7 ಮಾತ್ರ. 1965ರ ಆಗಸ್ಟ್ 6ರಂದು ಮತದಾನ ಹಕ್ಕು ಕಾಯಿದೆ ಬಂದ ನಂತರ, 1967ರ ವೇಳೆಗೆ ಇದು ಶೇ. 60ರ ಹತ್ತಿರ ಏರಿತು. ಅಂದರೆ ಎಪ್ಪತ್ತೈದು ವರ್ಷಗಳ ಕಾಲ ಒಂದು ಸಮುದಾಯವನ್ನು ಬಹುತೇಕ ಹೊರಗಿಟ್ಟ ಕಾನೂನಿನಲ್ಲಿ ಅವರ ವಿರುದ್ಧ ಒಂದೇ ಒಂದು ಪದವೂ ಇರಲಿಲ್ಲ. ಇಂಥ ಅನುಭವ ಇರುವವರು ರಾಜಕಾರಣಿಯ ಮಾತಿನ ನಿಘಂಟಿನ ಅರ್ಥವನ್ನು ಮಾತ್ರ ನೋಡಿ ಸುಮ್ಮನಾಗುತ್ತಾರೆಯೇ?

‘ರಾಜ್ಯಗಳ ಹಕ್ಕು’

1964 ತಿರುವಿನ ವರ್ಷ. ಹೋಟೆಲು, ಚಿತ್ರಮಂದಿರ, ಉದ್ಯೋಗ ಇತ್ಯಾದಿಗಳಲ್ಲಿ ಜನಾಂಗ ಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯಿದೆ ಸೆನೆಟ್‌ನಲ್ಲಿ 73–27 ಮತಗಳಿಂದ ಅಂಗೀಕಾರವಾಯಿತು. 33 ರಿಪಬ್ಲಿಕನ್ನರಲ್ಲಿ 27 ಮಂದಿ ಅದರ ಪರವಾಗಿದ್ದರು. ಪ್ರಮಾಣದ ಲೆಕ್ಕದಲ್ಲಿ ಇದು ಡೆಮಾಕ್ರಾಟರಿಗಿಂತ ಹೆಚ್ಚು. ಆದರೆ ವಿರೋಧಿಸಿದ ಆರು ಮಂದಿಯಲ್ಲಿ ಒಬ್ಬರು ಬ್ಯಾರಿ ಗೋಲ್ಡ್‌ವಾಟರ್. ಅದೇ ವರ್ಷ ಪಕ್ಷ ಅವರನ್ನೇ ಅಧ್ಯಕ್ಷ ಪದವಿಗೆ ಅಭ್ಯರ್ಥಿಯನ್ನಾಗಿಸಿತು.

ಗೋಲ್ಡ್‌ವಾಟರ್ ಜನಾಂಗ ದ್ವೇಷಿಯಾಗಿರಲಿಲ್ಲ. 1957 ಮತ್ತು 1960ರ ನಾಗರಿಕ ಹಕ್ಕು ಮಸೂದೆಗಳಿಗೆ ಅವರು ಒಪ್ಪಿಗೆ ನೀಡಿದ್ದರು. ಖಾಸಗಿ ವ್ಯಾಪಾರದಲ್ಲಿ ಕೇಂದ್ರ ಸರಕಾರ ತಲೆ ಹಾಕುವುದು ಸಂವಿಧಾನ ವಿರೋಧಿ ಎಂಬುದು ಅವರ ವಾದ. ಆದರೆ ಈ ವಾದವನ್ನು ದಕ್ಷಿಣದ ಬಿಳಿಯರು ಹೇಗೆ ಕೇಳಿಸಿಕೊಂಡರು? ದೇಶದಲ್ಲೆಲ್ಲ ಹೀನಾಯವಾಗಿ ಸೋತ ಗೋಲ್ಡ್‌ವಾಟರ್ ತನ್ನ ತವರು ಅರಿಝೋನಾ ಬಿಟ್ಟರೆ ಗೆದ್ದದ್ದು ದಕ್ಷಿಣದ ಐದು ರಾಜ್ಯಗಳನ್ನು ಮಾತ್ರ. ಮಿಸ್ಸಿಸ್ಸಿಪ್ಪಿಯಲ್ಲಿ ಅವರಿಗೆ ಶೇ. 87 ಮತ. ಕಪ್ಪು ಮತದಾರರಲ್ಲಿ ಅವರಿಗೆ ದೊರೆತದ್ದು ಶೇ. 6ರಷ್ಟು. ಮಾತನಾಡಿದವರ ಮನಸ್ಸಿನಲ್ಲಿ ಏನಿತ್ತು ಎಂಬುದು ಆ ದಿನದಿಂದ ಎರಡನೆಯ ಪ್ರಶ್ನೆಯಾಯಿತು. ಆ ಶೇ. 32 ಮತ್ತೆ ಎಂದೂ ಆ ಪಕ್ಷಕ್ಕೆ ಮರಳಿ ಬಂದಿಲ್ಲ.

1968ರಲ್ಲಿ ನಿಕ್ಸನ್ ‘ಕಾನೂನು ಮತ್ತು ಸುವ್ಯವಸ್ಥೆ’ಯ ಘೋಷಣೆಯೊಂದಿಗೆ ಮರಳಿ ಬಂದು ಗೆದ್ದರು. ಅದೇ ಚುನಾವಣೆಯಲ್ಲಿ ಬಹಿರಂಗವಾಗಿ ಪ್ರತ್ಯೇಕತಾವಾದಿಯಾಗಿದ್ದ ಜಾರ್ಜ್ ವ್ಯಾಲೇಸ್ ದಕ್ಷಿಣದ ಐದು ರಾಜ್ಯಗಳನ್ನು ಗೆದ್ದಿದ್ದರು. ಆ ಮತಗಳನ್ನು ತನ್ನ ಕಡೆ ಸೆಳೆಯುವ ಯೋಜನೆಗೆ ‘ದಕ್ಷಿಣದ ತಂತ್ರ’ ಎಂಬ ಹೆಸರು ಬಿತ್ತು. ಇದು ವಿರೋಧಿಗಳ ಕಲ್ಪನೆ ಮಾತ್ರವಲ್ಲ. ನಿಕ್ಸನ್ ಅವರ ಆಪ್ತ ಎಚ್.ಆರ್. ಹಾಲ್ಡಮನ್ ಅವರ ದಿನಚರಿ 1994ರಲ್ಲಿ ಪ್ರಕಟವಾಯಿತು. ಸಮಸ್ಯೆಯ ಮೂಲ ಕಪ್ಪು ಜನರೇ, ಆದರೆ ಹಾಗೆ ಕಾಣದಂತೆ ಅದನ್ನು ನಿಭಾಯಿಸುವ ವ್ಯವಸ್ಥೆ ಬೇಕು ಎಂಬರ್ಥದ ಮಾತನ್ನು ನಿಕ್ಸನ್ 1969ರಲ್ಲಿ ಆಡಿದ್ದಾಗಿ ಅದರಲ್ಲಿ ದಾಖಲಾಗಿದೆ. ಇದೇ ನಿಕ್ಸನ್ ಅವಧಿಯಲ್ಲಿ ದಕ್ಷಿಣದ ಶಾಲೆಗಳಲ್ಲಿ ಬಿಳಿ–ಕಪ್ಪು ಮಕ್ಕಳ ಪ್ರತ್ಯೇಕತೆ ಅತಿ ವೇಗವಾಗಿ ಇಳಿಯಿತು ಎಂಬುದೂ ಸತ್ಯವೇ.

ಒಂದು ಧ್ವನಿಸುರುಳಿ

ಈ ವಿಷಯದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ದಾಖಲೆ 1981ರ ಒಂದು ಸಂದರ್ಶನ. ಆಗ ಶ್ವೇತಭವನದಲ್ಲಿ ಕೆಲಸ ಮಾಡುತ್ತಿದ್ದ ದಕ್ಷಿಣ ಕೆರೊಲಿನಾದ ಯುವ ತಂತ್ರಗಾರ ಲೀ ಅಟ್ವಾಟರ್, ರಾಜ್ಯಶಾಸ್ತ್ರಜ್ಞ ಅಲೆಗ್ಸಾಂಡರ್ ಲೇಮಿಸ್ ಅವರೊಂದಿಗೆ ಮಾತನಾಡಿದ್ದರು. ಅವರು ಹೇಳಿದ್ದರ ಸಾರ ಇಷ್ಟು: 1954ರಲ್ಲಿ ಕಪ್ಪು ಜನರನ್ನು ಹೀನ ಪದದಿಂದ ಬಹಿರಂಗವಾಗಿ ಬೈಯಬಹುದಿತ್ತು. 1968ರ ಹೊತ್ತಿಗೆ ಹಾಗೆ ಬೈದರೆ ತಿರುಗಿ ನಮಗೇ ಪೆಟ್ಟು. ಆದ್ದರಿಂದ ರಾಜ್ಯಗಳ ಹಕ್ಕು, ಶಾಲಾ ಬಸ್ಸುಗಳ ಬಲವಂತ ಎಂದು ಮಾತನಾಡಬೇಕಾಯಿತು. ಈಗ ಅದು ಇನ್ನಷ್ಟು ಅಮೂರ್ತವಾಗಿ ತೆರಿಗೆ ಕಡಿತದಂಥ ಬರೇ ಆರ್ಥಿಕ ವಿಷಯಗಳಿಗೆ ಬಂದು ನಿಂತಿದೆ. ಅವುಗಳ ಒಂದು ಪರಿಣಾಮವೆಂದರೆ ಬಿಳಿಯರಿಗಿಂತ ಕಪ್ಪು ಜನರಿಗೆ ಹೆಚ್ಚು ನಷ್ಟವಾಗುತ್ತದೆ.

1984ರಲ್ಲಿ ಲೇಮಿಸ್ ಅವರ ಪುಸ್ತಕದಲ್ಲಿ ಇದು ಹೆಸರಿಲ್ಲದೆ ಪ್ರಕಟವಾಯಿತು. ಅಟ್ವಾಟರ್ 1991ರಲ್ಲಿ 40ನೇ ವಯಸ್ಸಿನಲ್ಲಿ ತೀರಿಕೊಂಡ ನಂತರ ಹೆಸರು ಹೊರಬಂತು. 2012ರಲ್ಲಿ ‘ದ ನೇಶನ್’ ಪತ್ರಿಕೆ ಧ್ವನಿಸುರುಳಿಯನ್ನೇ ಬಹಿರಂಗಪಡಿಸಿತು. ಪೂರ್ತಿ ಕೇಳಿದವರಿಗೆ ಇನ್ನೊಂದು ಅಂಶವೂ ತಿಳಿಯುತ್ತದೆ. ಮಾತು ಹೀಗೆ ಅಮೂರ್ತವಾಗುತ್ತ ಹೋದರೆ ಜನಾಂಗದ ಸಮಸ್ಯೆಯೇ ಕರಗುತ್ತದೆ, ರೇಗನ್ ಅವರಿಗೆ ಅಂಥ ಮಾತಿನ ಅಗತ್ಯವೇ ಬೀಳಲಿಲ್ಲ ಎಂಬುದು ಅಟ್ವಾಟರ್ ಅವರ ವಾದವಾಗಿತ್ತು. ಉಲ್ಲೇಖಿಸುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆದರೆ ಅದನ್ನು ಸೇರಿಸಿಕೊಂಡರೂ ಮೊದಲ ಭಾಗದ ತೂಕ ಕಡಿಮೆಯಾಗುವುದಿಲ್ಲ.

ರೇಗನ್ ಅವರ ಬಗ್ಗೆ ಹೇಳುವುದಾದರೆ, 1980ರ ಆಗಸ್ಟ್ 3ರಂದು ಅವರು ಮಿಸ್ಸಿಸ್ಸಿಪ್ಪಿಯ ನೆಶೋಬಾ ಕೌಂಟಿ ಜಾತ್ರೆಯಲ್ಲಿ ಭಾಷಣ ಮಾಡಿದರು. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ 1964ರಲ್ಲಿ ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್ ಮತ್ತು ಮೈಕೆಲ್ ಶ್ವೆರ್ನರ್ ಎಂಬ ಮೂವರು ನಾಗರಿಕ ಹಕ್ಕು ಕಾರ್ಯಕರ್ತರನ್ನು ಕೊಲೆ ಮಾಡಿ ಮಣ್ಣಿನ ಕಟ್ಟೆಯೊಂದರಲ್ಲಿ ಹೂಳಲಾಗಿತ್ತು. ಆ ಸ್ಥಳದಲ್ಲಿ ನಿಂತು ರೇಗನ್ ತಾನು ರಾಜ್ಯಗಳ ಹಕ್ಕಿನಲ್ಲಿ ನಂಬಿಕೆ ಇಟ್ಟವನು ಎಂದರು. ಭಾಷಣದ ಉಳಿದ ಭಾಗ ಹೆಚ್ಚಾಗಿ ಆರ್ಥಿಕತೆಯ ಬಗ್ಗೆ ಇತ್ತು. ಎರಡು ದಿನಗಳ ನಂತರ ಅವರು ನ್ಯೂಯಾರ್ಕಿನಲ್ಲಿ ಕಪ್ಪು ಜನರ ಸಂಸ್ಥೆಯಾದ ಅರ್ಬನ್ ಲೀಗ್‌ನ ಸಭೆಯಲ್ಲೂ ಮಾತನಾಡಿದರು. ಬೆಂಬಲಿಗರು ಇಂದಿಗೂ ಇದನ್ನೇ ಎತ್ತಿ ತೋರಿಸುತ್ತಾರೆ. ವಿರೋಧಿಗಳಿಗೆ ಆ ಜಾತ್ರೆಯ ಸ್ಥಳವೇ ಸಾಕು. ಕೇಂದ್ರದ ಅಧಿಕಾರ ಕಡಿಮೆಯಾಗಬೇಕೆಂಬುದು ಸಂವಿಧಾನದ ಹತ್ತನೇ ತಿದ್ದುಪಡಿಯಷ್ಟೇ ಹಳೆಯದಾದ, ಗೌರವಾರ್ಹ ನಿಲುವು. ಆದರೆ ನೆಶೋಬಾದಲ್ಲಿ ಕುಳಿತು ಕೇಳಿದ ಕಪ್ಪು ಮನುಷ್ಯನಿಗೆ ಆ ಎರಡು ಪದಗಳ ಅರ್ಥ ಬೇರೆ ಇತ್ತು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ತಪ್ಪು ಪದದ್ದಲ್ಲ, ಜಾಗದ್ದು. ಆ ಜಾಗದಲ್ಲಿ ಆ ಮೂವರ ನೆನಪಿಗೆ ಒಂದು ಮಾತು ಸೇರಿಸಿದ್ದರೆ ಕತೆ ಬೇರೆಯಾಗುತ್ತಿತ್ತು. 1982ರಲ್ಲಿ ಮತದಾನ ಹಕ್ಕು ಕಾಯಿದೆಯ ವಿಸ್ತರಣೆಗೆ, 1983ರಲ್ಲಿ ಕಿಂಗ್ ಅವರ ಹೆಸರಿನ ರಾಷ್ಟ್ರೀಯ ರಜಾದಿನಕ್ಕೆ ಸಹಿ ಹಾಕಿದವರೂ ರೇಗನ್ ಅವರೇ. ಆದರೂ ನೆಶೋಬಾ ಮರೆಯಾಗಲಿಲ್ಲ.

ಹಾರ್ಟನ್ ಜಾಹೀರಾತು

1988ರ ಚುನಾವಣೆಯಲ್ಲಿ ಚಿತ್ರವೇ ಸಂಕೇತವಾಯಿತು. ಮೆಸಾಚುಸೆಟ್ಸ್ ರಾಜ್ಯದಲ್ಲಿ ಕೈದಿಗಳಿಗೆ ವಾರಾಂತ್ಯದ ರಜೆ ಕೊಡುವ ಪದ್ಧತಿ ಇತ್ತು. ಕೊಲೆ ಅಪರಾಧಿ ವಿಲ್ಲಿ ಹಾರ್ಟನ್ 1986ರಲ್ಲಿ ಹೀಗೆ ಹೊರಗೆ ಹೋದವನು ಹಿಂತಿರುಗಲಿಲ್ಲ. 1987ರಲ್ಲಿ ಮೇರಿಲ್ಯಾಂಡ್‌ನಲ್ಲಿ ಒಂದು ಜೋಡಿಯ ಮೇಲೆ ಘೋರ ಹಲ್ಲೆ ನಡೆಸಿದ. ಆ ರಾಜ್ಯದ ಗವರ್ನರ್ ಮೈಕೆಲ್ ಡುಕಾಕಿಸ್ ಡೆಮಾಕ್ರಾಟ್ ಅಭ್ಯರ್ಥಿ. ಜಾರ್ಜ್ ಬುಷ್ ಪರವಾಗಿದ್ದ ಹೊರಗಿನ ಗುಂಪೊಂದು ಹಾರ್ಟನ್‌ನ ಮುಖವನ್ನು ಟಿ.ವಿ. ಜಾಹೀರಾತಿನಲ್ಲಿ ತೋರಿಸಿತು. ಕಪ್ಪು ಮನುಷ್ಯ ಎಂಬ ಮಾತು ಅದರಲ್ಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಈ ರಜೆ ಪದ್ಧತಿಯನ್ನು ಮೊದಲು ತಂದದ್ದು 1972ರಲ್ಲಿ ಒಬ್ಬ ರಿಪಬ್ಲಿಕನ್ ಗವರ್ನರ್. ಇದನ್ನು ಡುಕಾಕಿಸ್ ವಿರುದ್ಧ ಮೊದಲು ಎತ್ತಿದವರು ಡೆಮಾಕ್ರಾಟ್ ಪಕ್ಷದ ಅಲ್ ಗೋರ್, ಹಾರ್ಟನ್ ಹೆಸರು ಹೇಳದೆ. ಬುಷ್ ಪ್ರಚಾರದ ನಾಯಕತ್ವ ವಹಿಸಿದ್ದ ಅದೇ ಅಟ್ವಾಟರ್, ಸಾಯುವ ಮೊದಲು ಡುಕಾಕಿಸ್ ಅವರ ಕ್ಷಮೆ ಕೋರಿದರು. ಸಂಶೋಧಕಿ ಟಾಲಿ ಮೆಂಡೆಲ್‌ಬರ್ಗ್ 2001ರ ತನ್ನ ಪುಸ್ತಕದಲ್ಲಿ ಈ ಪ್ರಕರಣವನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಜಾಹೀರಾತು ಸದ್ದಿಲ್ಲದೆ ಓಡುತ್ತಿದ್ದಾಗ ಅದಕ್ಕೆ ಪರಿಣಾಮವಿತ್ತು, ಇದು ಜನಾಂಗೀಯ ಎಂದು ಜೆಸ್ಸಿ ಜಾಕ್ಸನ್ ಮೊದಲಾದವರು ಬಹಿರಂಗವಾಗಿ ಹೇಳಿದ ಮೇಲೆ ಪರಿಣಾಮ ಇಳಿಯಿತು ಎಂಬುದು ಅವರ ತೀರ್ಮಾನ. ಹೆಚ್ಚಿನ ಬಿಳಿಯ ಮತದಾರರು ತಾವು ಪಕ್ಷಪಾತಿಗಳು ಎಂದು ತಮಗೇ ಅನಿಸುವುದನ್ನು ಇಷ್ಟಪಡುವುದಿಲ್ಲ, ಆದ್ದರಿಂದಲೇ ಸಂಕೇತ ಬೇಕಾಗುತ್ತದೆ ಎಂಬ ವಾದ ಇದು.

ಸಂಪ್ರದಾಯವಾದಿಗಳ ದೂರು

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ತೆರಿಗೆ ಇಳಿಸಿ ಎಂದರೆ ಸಂಕೇತ, ಅಪರಾಧ ತಡೆಯಿರಿ ಎಂದರೆ ಸಂಕೇತ, ನೆರವಿನ ಹಣ ದುರುಪಯೋಗವಾಗುತ್ತಿದೆ ಎಂದರೆ ಸಂಕೇತ, ಹಾಗಾದರೆ ಸಂಪ್ರದಾಯವಾದಿಯೊಬ್ಬ ಪ್ರಾಮಾಣಿಕವಾಗಿ ಮಾತನಾಡುವುದಾದರೂ ಹೇಗೆ ಎಂದು ಅವರು ಕೇಳುತ್ತಾರೆ. ಮನಸ್ಸಿನೊಳಗಿನ ಉದ್ದೇಶದ ಬಗ್ಗೆ ಮಾಡಿದ ಆರೋಪಕ್ಕೆ ಉತ್ತರ ಕೊಡಲಾಗುವುದಿಲ್ಲ. ನಿರಾಕರಿಸಿದರೆ ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎನ್ನುತ್ತಾರೆ. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ. ಅರ್ಥಶಾಸ್ತ್ರಜ್ಞ ಥಾಮಸ್ ಸೋವೆಲ್, ಸೆನೆಟರ್ ಟಿಮ್ ಸ್ಕಾಟ್ ಅವರಂಥ ಕಪ್ಪು ಸಂಪ್ರದಾಯವಾದಿಗಳು ಇದೇ ಮಾತುಗಳನ್ನು ಆಡಿದಾಗ ಅದನ್ನು ಏನೆಂದು ಕರೆಯುವುದು ಎಂಬ ಪ್ರಶ್ನೆಯೂ ಇದೆ.

ಈ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. 1973ರಲ್ಲಿ ನ್ಯೂಯಾರ್ಕ್ ರಾಜ್ಯ ಮಾದಕ ದ್ರವ್ಯದ ವಿರುದ್ಧ ಅತ್ಯಂತ ಕಠಿಣ ಕಾನೂನು ತಂದಾಗ ಹಾರ್ಲೆಮ್‌ನ ಕೆಲವು ಕಪ್ಪು ಧರ್ಮಬೋಧಕರೇ ಅದನ್ನು ಬೆಂಬಲಿಸಿದ್ದರು. ಬೀದಿಯ ಭಯ ಅವರಿಗೆ ಪುಸ್ತಕದ ವಿಷಯವಾಗಿರಲಿಲ್ಲ. ಇನ್ನು ಸಂಕೇತ ಭಾಷೆ ಒಂದೇ ಪಕ್ಷದ ಸೊತ್ತೂ ಅಲ್ಲ. ನೆರೆಹೊರೆಗಳ ‘ಜನಾಂಗೀಯ ಶುದ್ಧತೆ’ಯ ಬಗ್ಗೆ 1976ರಲ್ಲಿ ಮಾತನಾಡಿ ಕ್ಷಮೆ ಕೇಳಬೇಕಾಗಿ ಬಂದವರು ಡೆಮಾಕ್ರಾಟ್ ಪಕ್ಷದ ಜಿಮ್ಮಿ ಕಾರ್ಟರ್.

ಬೋಸ್ಟನ್‌ನ ಉದಾಹರಣೆ ನಮ್ಮನ್ನು ಇನ್ನಷ್ಟು ಹತ್ತಿರದಿಂದ ತಟ್ಟುತ್ತದೆ. 1974ರಲ್ಲಿ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ಬಿಳಿ ಮತ್ತು ಕಪ್ಪು ಮಕ್ಕಳನ್ನು ಬಸ್ಸುಗಳಲ್ಲಿ ಬೇರೆ ಬಡಾವಣೆಗಳ ಶಾಲೆಗಳಿಗೆ ಕಳುಹಿಸಲು ಆದೇಶಿಸಿದರು. ಬಹುಪಾಲು ಐರಿಷ್ ಕಥೊಲಿಕರಿದ್ದ ಸೌತ್ ಬೋಸ್ಟನ್ ಕೆರಳಿ ನಿಂತಿತು. ಗ್ಯಾರಿಟಿ ಸ್ವತಃ ಐರಿಷ್ ಕಥೊಲಿಕ್. ‘ಬಲವಂತದ ಬಸ್ಸು ಬೇಡ’ ಎಂದ ತಾಯಂದಿರಲ್ಲಿ ತಮ್ಮ ಮಗು ದೂರದ ಶಾಲೆಗೆ ಹೋಗಬಾರದೆಂದು ಮಾತ್ರ ಬಯಸಿದವರಿದ್ದರು. ಕಪ್ಪು ಮಕ್ಕಳಿದ್ದ ಬಸ್ಸಿಗೆ ಕಲ್ಲೆಸೆದವರೂ ಅದೇ ಘೋಷಣೆ ಕೂಗಿದರು. ಬಸ್ಸಿನೊಳಗಿದ್ದ ಮಗುವಿಗೆ ಇವರಿಬ್ಬರ ವ್ಯತ್ಯಾಸ ತಿಳಿಯುವುದು ಹೇಗೆ?

ಕಥೊಲಿಕರೂ ಒಂದು ಕಾಲದಲ್ಲಿ ಆ ದೇಶದಲ್ಲಿ ಸಂಶಯಕ್ಕೆ ಒಳಗಾದ ಅಲ್ಪಸಂಖ್ಯಾತರೇ. 1884ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜೇಮ್ಸ್ ಬ್ಲೇನ್ ಎದುರಲ್ಲೇ ಪಾಸ್ಟರ್ ಸ್ಯಾಮುವೆಲ್ ಬರ್ಚರ್ಡ್ ಎದುರಾಳಿ ಪಕ್ಷವನ್ನು ಹೆಂಡ, ರೋಮನ್ ಮತ ಮತ್ತು ದಂಗೆಯ ಪಕ್ಷ ಎಂದು ಜರೆದರು. ಅದು ಸಂಕೇತವಲ್ಲ, ನೇರ ಏಟು. ಬ್ಲೇನ್ ಅದನ್ನು ಆ ಕ್ಷಣದಲ್ಲಿ ಖಂಡಿಸಲಿಲ್ಲ. ಅವರ ತಾಯಿಯೇ ಕಥೊಲಿಕ್ ಎಂಬುದು ವಿಚಿತ್ರ. ಕೆಲವೇ ದಿನಗಳ ನಂತರ ನ್ಯೂಯಾರ್ಕ್ ರಾಜ್ಯವನ್ನು ಸಾವಿರ ಚಿಲ್ಲರೆ ಮತಗಳಿಂದ ಕಳೆದುಕೊಂಡ ಅವರು ಅಧ್ಯಕ್ಷ ಪದವಿಯನ್ನೂ ಕಳೆದುಕೊಂಡರು. ಪೂರ್ತಿ ಕಾರಣ ಅದೊಂದೇ ಎನ್ನಲಾಗದಿದ್ದರೂ ಐರಿಷ್ ಮತದಾರರು ಅದನ್ನು ಮರೆಯಲಿಲ್ಲ.

ಕ್ಷಮೆ, ನಂತರ

ಸರಿಪಡಿಸುವ ಪ್ರಯತ್ನಗಳು ನಡೆದೇ ಇಲ್ಲ ಎಂದಲ್ಲ. 2002ರ ಡಿಸೆಂಬರ್‌ನಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕ ಟ್ರೆಂಟ್ ಲಾಟ್, 1948ರಲ್ಲಿ ಪ್ರತ್ಯೇಕತಾವಾದಿ ಅಭ್ಯರ್ಥಿಯಾಗಿದ್ದ ಸ್ಟ್ರಾಮ್ ಥರ್ಮಂಡ್ ಅವರ ನೂರನೇ ಹುಟ್ಟುಹಬ್ಬದಲ್ಲಿ ಅವರು ಅಂದು ಗೆದ್ದಿದ್ದರೆ ದೇಶಕ್ಕೆ ಒಳಿತಾಗುತ್ತಿತ್ತು ಎಂಬರ್ಥದಲ್ಲಿ ಮಾತನಾಡಿದರು. ಹದಿನೈದು ದಿನಗಳೊಳಗೆ ಅವರು ನಾಯಕತ್ವ ಬಿಡಬೇಕಾಯಿತು. ಅವರ ಮೇಲೆ ಒತ್ತಡ ತಂದವರಲ್ಲಿ ಸ್ವಂತ ಪಕ್ಷದವರೂ ಇದ್ದರು. 2005ರ ಜುಲೈಯಲ್ಲಿ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಕೆನ್ ಮೆಲ್‌ಮನ್ ಕಪ್ಪು ಜನರ ಹಳೆಯ ಸಂಘಟನೆಯಾದ ಎನ್‌ಎಎಸಿಪಿಯ ಮಿಲ್ವಾಕೀ ಸಮ್ಮೇಳನಕ್ಕೆ ಹೋಗಿ, ಜನಾಂಗೀಯ ಒಡಕಿನಿಂದ ಲಾಭ ಪಡೆಯಲು ನಮ್ಮವರಲ್ಲಿ ಕೆಲವರು ಯತ್ನಿಸಿದರು, ಅದು ತಪ್ಪು ಎಂದು ಒಪ್ಪಿಕೊಂಡರು. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚ್‌ನಲ್ಲಿ ಬೈಬಲ್ ಅಧ್ಯಯನಕ್ಕೆ ಕುಳಿತಿದ್ದ ಒಂಬತ್ತು ಮಂದಿಯನ್ನು ಜನಾಂಗ ದ್ವೇಷಿಯೊಬ್ಬ ಕೊಂದ ನಂತರ, ದಕ್ಷಿಣ ಕೆರೊಲಿನಾದ ರಿಪಬ್ಲಿಕನ್ ಗವರ್ನರ್, ಪಂಜಾಬಿ ವಲಸಿಗರ ಮಗಳು ನಿಕ್ಕಿ ಹೇಲಿ, ಶಾಸನಸಭೆಯ ಆವರಣದಿಂದ ಒಕ್ಕೂಟದ ಹಳೆಯ ಯುದ್ಧ ಧ್ವಜವನ್ನು ಇಳಿಸಲು ಮುಂದಾಳುತನ ವಹಿಸಿದರು.

ಆದರೆ ಮಾತು ಒಂದು ಕಡೆ, ಕಾನೂನು ಇನ್ನೊಂದು ಕಡೆ. 2013ರಲ್ಲಿ ಸುಪ್ರೀಂ ಕೋರ್ಟ್, ತಾರತಮ್ಯದ ಇತಿಹಾಸವಿದ್ದ ರಾಜ್ಯಗಳು ಮತದಾನ ನಿಯಮ ಬದಲಿಸಲು ಕೇಂದ್ರದ ಪೂರ್ವಾನುಮತಿ ಪಡೆಯಬೇಕೆಂಬ ವ್ಯವಸ್ಥೆಯ ಸೂತ್ರವನ್ನು ರದ್ದುಪಡಿಸಿತು. ಬೆನ್ನಿಗೇ ಉತ್ತರ ಕೆರೊಲಿನಾ ಗುರುತು ಚೀಟಿ ಕಡ್ಡಾಯ ಮಾಡಿ, ಮುಂಗಡ ಮತದಾನದ ದಿನಗಳನ್ನು ಕಡಿತಗೊಳಿಸಿ ಕಾನೂನು ತಂದಿತು. ವಂಚನೆ ತಡೆಯಲು ಎಂಬುದು ಕೊಟ್ಟ ಕಾರಣ. ಆದರೆ ಶಾಸಕರು ಮೊದಲು ಯಾವ ಜನಾಂಗದವರು ಯಾವ ಸೌಲಭ್ಯ ಹೆಚ್ಚು ಬಳಸುತ್ತಾರೆಂಬ ಅಂಕಿಅಂಶ ತರಿಸಿಕೊಂಡಿದ್ದರು ಎಂಬುದು ನ್ಯಾಯಾಲಯದಲ್ಲಿ ಬಯಲಾಯಿತು. 2016ರ ಜುಲೈಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಕಪ್ಪು ಮತದಾರರನ್ನೇ ಅತಿ ನಿಖರವಾಗಿ ಗುರಿ ಮಾಡಲಾಗಿದೆ ಎಂದು ಅದನ್ನು ತಳ್ಳಿಹಾಕಿತು. ಈ ಕಾನೂನಿನಲ್ಲೂ ಬಣ್ಣದ ಪ್ರಸ್ತಾಪ ಇರಲಿಲ್ಲ.

ಇತ್ತೀಚಿನ ವರ್ಷಗಳ ಅಂಕಿಗಳು ಸ್ವಲ್ಪ ಗೊಂದಲ ಹುಟ್ಟಿಸುತ್ತವೆ. ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಕಪ್ಪು ಮತದಾರರಲ್ಲಿ ರಿಪಬ್ಲಿಕನ್ ಅಭ್ಯರ್ಥಿಗೆ 2008ರಲ್ಲಿ ಶೇ. 4, 2016ರಲ್ಲಿ ಶೇ. 8, 2020ರಲ್ಲಿ ಶೇ. 12 ಮತ್ತು 2024ರಲ್ಲಿ ಸುಮಾರು ಶೇ. 13 ದೊರೆತಿದೆ. ಹಿಸ್ಪಾನಿಕ್ ಮತದಾರರಲ್ಲಿ 2024ರ ಪ್ರಮಾಣ ಶೇ. 46ರ ಆಸುಪಾಸಿಗೆ ಏರಿತು. ಡೊನಾಲ್ಡ್ ಟ್ರಂಪ್ ಸಂಕೇತದ ಮುಸುಕು ಹಾಕದೆ ನೇರವಾಗಿ ಮಾತನಾಡುವವರು ಎಂಬುದನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ. ಬೆಲೆಯೇರಿಕೆಯ ಸಿಟ್ಟು ಮಾತಿನ ನೋವಿಗಿಂತ ದೊಡ್ಡದಾಯಿತು ಎಂದು ಕೆಲವರು, ಹೊಸ ತಲೆಮಾರಿಗೆ ನೆಶೋಬಾ ಗೊತ್ತೇ ಇಲ್ಲ ಎಂದು ಇನ್ನು ಕೆಲವರು ಇದನ್ನು ವಿವರಿಸುತ್ತಾರೆ. ಐಸೆನ್‌ಹೋವರ್ ಅವರಿಗೆ ದೊರೆತ ಶೇ. 39ಕ್ಕೆ ಹೋಲಿಸಿದರೆ ಈ 13 ಅದರ ಮೂರನೇ ಒಂದು ಭಾಗ.